ಬೇಡರ ಬಂದೂಕು, ಬೇಡರ ನಾಯಿ

ನಮ್ಮ ತಿಮ್ಮಾಪುರದ ಹೆಸರು ದೂರದವರ ಕಿವಿಗೆ ಬೀಳುವುದು ಎರಡು ಕಾರಣಕ್ಕೆ. ಒಂದು ಕಬ್ಬು, ಇನ್ನೊಂದು ನಾಯಿ. ಕಬ್ಬು ಈ ಭಾಗದ ಎಲ್ಲ ಊರುಗಳಿಗೂ ಸೇರಿದ್ದು, ಅದರ ಸುಖದುಃಖ ಹೇಳಹೊರಟರೆ ಬೇರೆಯೇ ಪುಸ್ತಕ ಬೇಕು. ನಾಯಿಯ ಮಾತು ಹಾಗಲ್ಲ. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳ ನಾಯಿಯ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಇಡೀ ರಾಜ್ಯ ಬಿಟ್ಟು ನಮ್ಮ ಊರಿನಲ್ಲಿಯೇ ಇಟ್ಟಿದ್ದಾರೆ. 2005ರಲ್ಲಿ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ಬಂತು. 2016ರಲ್ಲಿ ಇಲ್ಲಿಯ ಮರಿಗಳು ಮೇರಠಿನ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. ನೀಳ ಮುಖ, ಒಳಗೆ ಎಳೆದುಕೊಂಡ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು. ಓಡಿದರೆ ನೆಲಕ್ಕೆ ಕಾಲು ತಾಗುತ್ತದೆಯೋ ಇಲ್ಲವೋ ಎಂದು ಅನುಮಾನ ಬರುವಂಥ ಪ್ರಾಣಿ.

ಈ ನಾಯಿಯ ಕಥೆ ಹೇಳುವವರೆಲ್ಲ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಮುಧೋಳದ ಮಾಲೋಜಿರಾವ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿ ಕಾಣಿಕೆ ಕೊಟ್ಟರು, ಅಲ್ಲಿಂದ ಇದರ ಕೀರ್ತಿ ಹಬ್ಬಿತು ಎಂದು. ಆ ಮಾತು ಹೇಳುವಾಗ ಹೇಳುವವರ ಎದೆ ಸ್ವಲ್ಪ ಉಬ್ಬುತ್ತದೆ. ನನ್ನದೂ ಉಬ್ಬಿದ್ದುಂಟು. ಆದರೆ ಅದೇ ಮಾತಿನೊಳಗೆ ಇನ್ನೊಂದು ಮಾತು ಅಡಗಿದೆ. ರಾಜರು ಈ ನಾಯಿಯನ್ನು ಕಂಡದ್ದು ಎಲ್ಲಿ? ಬೇಟೆಯಾಡುತ್ತಿದ್ದ ಬೇಡರ ಬಳಿಯಲ್ಲಿ, ಕುರಿ ಕಾಯುವವರ ಹಟ್ಟಿಯಲ್ಲಿ. ಅವರು ತಲೆತಲಾಂತರದಿಂದ ಮೊಲ ಹಿಡಿಯಲು, ಹೊಲ ಕಾಯಲು ಸಾಕಿಕೊಂಡು ಬಂದದ್ದು ಇದು. ಅದಕ್ಕೆ ವಂಶಾವಳಿಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಓಡಿದರೆ ಒಳ್ಳೆಯ ನಾಯಿ, ಓಡದಿದ್ದರೆ ಸುಮ್ಮನೆ ನಾಯಿ, ಇಷ್ಟೇ ಲೆಕ್ಕ. ಲಂಡನ್ನಿನ ಅರಮನೆಯ ಮೆಚ್ಚುಗೆ ಬಿದ್ದ ಮೇಲೆ ಅದು 'ಜಾತಿ ನಾಯಿ' ಆಯಿತು.

ಇಂಗ್ಲಿಷರ ಸಂಸ್ಕೃತಿ ನಮ್ಮ ಮೇಲೆ ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ರೈಲು, ಅಂಚೆ, ಶಾಲೆ, ಕೋರ್ಟು ಎಂದು ಪಟ್ಟಿ ಹೇಳುತ್ತೇವೆ. ಆ ಪಟ್ಟಿ ಸುಳ್ಳಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದೆನಿಸುವುದು ಈ ಮೆಚ್ಚುಗೆಯ ವ್ಯವಹಾರ. ನಮ್ಮ ಮನೆಯ ವಸ್ತುವಿನ ಬೆಲೆ ನಮಗೆ ತಿಳಿಯಬೇಕಾದರೂ ಅದು ಸಮುದ್ರ ದಾಟಿ ಹೋಗಿ ಬರಬೇಕು ಎಂಬ ಭಾವನೆ.

ಇದು ನಮ್ಮೊಬ್ಬರ ರೋಗವಲ್ಲ. ಇಂಗ್ಲಿಷರು ನಮಗಿಂತ ಮೊದಲು ಆಳಿದ ಇನ್ನೊಂದು ನಾಡಿತ್ತು, ಅಮೆರಿಕದ ಹದಿಮೂರು ವಸಾಹತುಗಳು. ಅಲ್ಲಿಯ ಬಿಳಿಯರು ಹೆಚ್ಚಿನಂಶ ಇಂಗ್ಲಿಷರ ರಕ್ತದವರೇ. ಆದರೂ ಹದಿನೆಂಟನೆಯ ಶತಮಾನದಲ್ಲಿ ಅವರ ಕಣ್ಣೆಲ್ಲ ಲಂಡನ್ನಿನ ಕಡೆಗೇ. ವರ್ಜೀನಿಯಾದ ಸಾಹುಕಾರರು ತಂಬಾಕು ಬೆಳೆದು ಹಡಗಿಗೆ ಹೇರಿ, ಅದರ ಬೆಲೆಗೆ ಪ್ರತಿಯಾಗಿ ಲಂಡನ್ನಿನ ವ್ಯಾಪಾರಿಗಳಿಗೆ ಪಟ್ಟಿ ಬರೆದು ಕಳಿಸುತ್ತಿದ್ದರು: ಇಷ್ಟು ಗಜ ಬಟ್ಟೆ, ಇಂಥ ಪಿಂಗಾಣಿ, ಇಂಥ ಕುರ್ಚಿ, ಈ ವರ್ಷದ ಮಾದರಿಯ ಕೋಟು. ಸಾಮಾನು ಬರುವ ಹೊತ್ತಿಗೆ ಸಾಲವೂ ಏರಿರುತ್ತಿತ್ತು. ಜಾರ್ಜ್ ವಾಷಿಂಗ್ಟನ್ ಎಂಬ ಮನುಷ್ಯನೂ ಹೀಗೆ ಪಟ್ಟಿ ಬರೆದವರಲ್ಲಿ ಒಬ್ಬ. ಇಂಗ್ಲಿಷ್ ಜಮೀನುದಾರರ ಪದ್ಧತಿಯಂತೆ ಕುದುರೆಯೇರಿ ನಾಯಿಗಳ ಹಿಂಡು ಕಟ್ಟಿಕೊಂಡು ನರಿಯ ಬೇಟೆ ಆಡುವುದೆಂದರೆ ಅವನಿಗೆ ಪ್ರಾಣ. ತನ್ನ ನಾಯಿಗಳ ಹೆಸರುಗಳನ್ನು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಯುದ್ಧ ಗೆದ್ದ ಮೇಲೆ, 1785ರಲ್ಲಿ, ಫ್ರಾನ್ಸಿನ ಗೆಳೆಯ ಲಫಾಯೆತ್ ಅವನಿಗೆ ಕಳಿಸಿದ ಕಾಣಿಕೆಯೂ ಬೇಟೆನಾಯಿಗಳೇ. ಇಂಗ್ಲೆಂಡಿನ ದೊರೆಯನ್ನು ಕಿತ್ತೊಗೆದವನು ಇಂಗ್ಲೆಂಡಿನ ಬೇಟೆಯನ್ನು ಬಿಡಲಿಲ್ಲ. ಆಳುವವರು ಹೋದ ಮೇಲೂ ಆಳಿದವರ ಹವ್ಯಾಸ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ ನಾಡಿಗೂ ನಮಗೂ ನಡುವೆ ನಂಟು ತೀರ ದೂರದ್ದೂ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಆ ಹೆಸರು ಬಂದದ್ದು ಎಲಿಹು ಯೇಲ್ ಎಂಬವನಿಂದ. ಅವನು ಕುಂಪಣಿಯ ಪರವಾಗಿ ಮದರಾಸಿನ ಗವರ್ನರನಾಗಿದ್ದು ಹಣ ಮಾಡಿದವನು. 1718ರಲ್ಲಿ ಅವನು ಆ ಶಾಲೆಗೆ ಕಳಿಸಿದ ದಾನದಲ್ಲಿ ಪುಸ್ತಕಗಳ ಜೊತೆಗೆ ಒಂಬತ್ತು ಮೂಟೆ ಸರಕೂ ಇತ್ತು. ಅದನ್ನು ಮಾರಿ ಬಂದ 562 ಪೌಂಡು ಕಟ್ಟಡಕ್ಕೆ ಒದಗಿತು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರದಲ್ಲಿ ನೀರಿಗೆಸೆದ 342 ಪೆಟ್ಟಿಗೆ ಚಹಾ ಯಾರದು? ನಮ್ಮ ಅಜ್ಜಿಯರು 'ಕುಂಪಣಿ ಸರಕಾರ' ಎನ್ನುತ್ತಿದ್ದರಲ್ಲ, ಅದೇ ಈಸ್ಟ್ ಇಂಡಿಯಾ ಕುಂಪಣಿಯದು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದ ಸೈನ್ಯದ ದಂಡನಾಯಕ ಕಾರ್ನ್‌ವಾಲಿಸ್. ಆತನನ್ನು ಮನೆಗೆ ಕಳಿಸಲಿಲ್ಲ. 1786ರಲ್ಲಿ ಕಲಕತ್ತೆಗೆ ಗವರ್ನರ್ ಜನರಲ್ ಮಾಡಿ ಕಳಿಸಿದರು. 1792ರಲ್ಲಿ ಅವನು ಶ್ರೀರಂಗಪಟ್ಟಣದ ಗೋಡೆಯ ಮುಂದೆ ಬಂದು ನಿಂತು ಟೀಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಅಲ್ಲಿ ಕಳಕೊಂಡದ್ದನ್ನು ಇಲ್ಲಿ ತುಂಬಿಕೊಂಡರು ಎಂದು ನಮ್ಮ ಕಡೆಯ ಮುದುಕರು ಹೇಳಿದ್ದರೆ ತಪ್ಪಾಗುತ್ತಿರಲಿಲ್ಲ. 1840ರ ದಶಕದಲ್ಲಿ ಧಾರವಾಡದ ಎರೆನೆಲದಲ್ಲಿ ಅಮೆರಿಕದ ಅರಳೆಬೀಜ ಬಿತ್ತಿಸಿದ್ದೂ ಇದೇ ಕುಂಪಣಿ. ಮ್ಯಾಂಚೆಸ್ಟರಿನ ಗಿರಣಿಗೆ ಉದ್ದ ಎಳೆಯ ಅರಳೆ ಬೇಕಾಗಿತ್ತು.

ಮುಧೋಳ, ಜಮಖಂಡಿಗಳಿಗೆ ಇಂಗ್ಲಿಷರು ಬಂದದ್ದು 1818ರಲ್ಲಿ, ಪೇಶವೆ ಬಿದ್ದ ಮೇಲೆ. ಬಂದರು ಎಂದರೆ ನೇರವಾಗಿ ಬಂದು ಕೂಡಲಿಲ್ಲ. ಮುಧೋಳದಲ್ಲಿ ಘೋರ್ಪಡೆಯವರನ್ನು, ಜಮಖಂಡಿಯಲ್ಲಿ ಪಟವರ್ಧನರನ್ನು ಹಾಗೆಯೇ ಗಾದಿಯ ಮೇಲೆ ಇಟ್ಟರು. ರಬಕವಿ ಸಾಂಗಲಿಯ ಪಟವರ್ಧನರ ಕಡೆಗೆ ಉಳಿಯಿತು. ಒಂದು ಹರದಾರಿ ನಡೆದರೆ ಒಬ್ಬ ರಾಜನ ಸೀಮೆ ಮುಗಿದು ಇನ್ನೊಬ್ಬನದು ಶುರುವಾಗುವಂಥ ನಾಡು. ಜನ ಕನ್ನಡದವರು, ದಫ್ತರ ಮರಾಠಿಯದು, ಮೋಡಿ ಲಿಪಿಯದು. ಎಲ್ಲದರ ಮೇಲೆ ಕೊಲ್ಹಾಪುರದಲ್ಲಿ ಕೂತ ಇಂಗ್ಲಿಷ್ ಏಜಂಟ. ಹೀಗಾಗಿ ಅಮೆರಿಕದವರಿಗೆ ತಾಯಿಯ ಹಾಲಿನಂತೆ ನೇರವಾಗಿ ಬಂದ ಇಂಗ್ಲಿಷ್ ಸಂಸ್ಕೃತಿ ನಮಗೆ ಎರಡು ಸೋಸಣಿಗೆಯಲ್ಲಿ ಸೋಸಿಕೊಂಡು ಬಂತು.

ನಮ್ಮ ಮಾತನ್ನೇ ನೋಡಿರಿ. ಮೈಸೂರಿನ ಕಡೆ 'ಟೀ' ಎಂದರೆ ನಮ್ಮಲ್ಲಿ 'ಚಾ'. ಅವರು 'ಮೇಷ್ಟ್ರು' ಎಂದರೆ ನಾವು 'ಮಾಸ್ತರ'. ಚಹಾ ಕುಡಿಯುವ ರೂಢಿ ಇಂಗ್ಲಿಷರದಾದರೂ ಶಬ್ದ ಬಂದದ್ದು ಮರಾಠಿಯ ಬಾಗಿಲಿನಿಂದ. ಕಪ್ಪು ಅವರದು, ಬಸಿ ಇವರದು. 'ಕೋರ್ಟು-ಕಚೇರಿ' ಎಂಬ ಜೋಡಿಶಬ್ದದಲ್ಲಿ ಅರ್ಧ ಇಂಗ್ಲಿಷರ ಕಾಲ, ಅರ್ಧ ಬಾದಶಹರ ಕಾಲ. ನಮ್ಮ ಅಜ್ಜಿ ಇಂಗ್ಲಿಷರನ್ನು ಕಣ್ಣಿನಿಂದ ಕಂಡವಳಲ್ಲ. ಆದರೂ ಅವಳ ಬಾಯಲ್ಲಿ ವಾರಂಟು, ನೋಟೀಸು, ಲಾಟೀನು, ಬಾಟ್ಲಿ ಸರಾಗವಾಗಿ ಬರುತ್ತಿದ್ದವು. "ಚಾ ಒಂದ್ ಮಾತ್ರ ಆ ಕೆಂಪ್ ಮಾರಿ ಮಂದಿ ನಮಗ ಕೊಟ್ಟ ಹ್ವಾದ್ರು ನೋಡಪಾ," ಎಂದು ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದಳು. ಬಾಸ್ಟನ್ನಿನವರು ಸಿಟ್ಟಿನಿಂದ ನೀರಿಗೆಸೆದದ್ದನ್ನು ನಾವು ಪ್ರೀತಿಯಿಂದ ಉಳಿಸಿಕೊಂಡೆವು. ಇಂದು ನಮ್ಮೂರಲ್ಲಿ ಮನೆಗೆ ಬಂದವರಿಗೆ ಚಾ ಕೊಡದಿದ್ದರೆ ಅದು ಅವಮಾನದ ಮಾತು.

ನೂಲಿನ ಕಥೆಯೂ ಹೀಗೆಯೇ. ರಬಕವಿ, ಬನಹಟ್ಟಿಯ ನೇಕಾರರು ನಿಂತ ನೆಲ ಅಲುಗಿದ್ದು ಇಂಗ್ಲೆಂಡಿನ ಗಿರಣಿಯಿಂದ. ಮೊದಲು ವಿಲಾಯತಿ ನೂಲು ಬಂತು, ಆಮೇಲೆ ನಮ್ಮ ನಾಡಿನ ಗಿರಣಿಯ ನೂಲೇ ಬಂತು. 1885ರಲ್ಲಿ ಇಂಗ್ಲಿಷ್ ಬಂಡವಾಳದ ಗೋಕಾಕ ಕಂಪನಿ ಹುಟ್ಟಿಕೊಂಡು ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯತೊಡಗಿತು. ಹಳ್ಳಿಯ ಹೆಂಗಸರ ರಾಟಿ ಮೂಲೆ ಸೇರಿತು. ಮಗ್ಗ ಮಾತ್ರ ಉಳಿಯಿತು. ನೇಯುವ ಕೈ ನಮ್ಮದು, ಎಳೆ ಗಿರಣಿಯದು. ಆದರೂ ಸೀರೆಯ ದಡಿ, ಸೆರಗು, ಕಣ ನಮ್ಮವೇ ಆಗಿ ಉಳಿದವು ಎಂಬುದು ಸಣ್ಣ ಸಂಗತಿಯಲ್ಲ.

ಓದಿನ ವಿಷಯದಲ್ಲಿ ಜಮಖಂಡಿಗೆ ಸಲ್ಲಬೇಕಾದ ಮಾತನ್ನು ಹೇಳಲೇಬೇಕು. ಪಟವರ್ಧನರ ಕಾಲದ ಪರಶುರಾಮಭಾವು ಹೈಸ್ಕೂಲು ಇಂಗ್ಲಿಷ್ ವಿದ್ಯೆಯನ್ನು ಈ ಬಿರುಬಿಸಿಲಿನ ನಾಡಿಗೆ ತಂದಿತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಅಲ್ಲಿಯೇ ಓದಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು, ನಮ್ಮ ಗುರುದೇವ ರಾನಡೆಯವರು, ಮುಂದೆ ಪುಣೆಗೆ ಹೋಗಿ ಗ್ರೀಕರ ತತ್ತ್ವಜ್ಞಾನವನ್ನೂ ಉಪನಿಷತ್ತುಗಳನ್ನೂ ಒಂದೇ ತೂಕದ ಕಣ್ಣಿನಿಂದ ಓದಿದರು. 1926ರಲ್ಲಿ ಉಪನಿಷತ್ತುಗಳ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಯಾದರು. ಕೊನೆಗೆ ಕನ್ನಡ ಸಂತರ ದಾರಿಯ ಬಗೆಗೂ ಇಂಗ್ಲಿಷಿನಲ್ಲಿಯೇ ಬರೆದರು. ಅವರಲ್ಲಿ ಇಂಗ್ಲಿಷ್ ಗುಲಾಮತನವಾಗಲಿಲ್ಲ, ಸೇತುವೆಯಾಯಿತು. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರಂಥವರೂ ಇಂಗ್ಲಿಷರ ನೌಕರಿಯಲ್ಲಿದ್ದುಕೊಂಡೇ ಮರಾಠಿಯ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಿದರು. 1871ರಲ್ಲಿ ಶೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ನಾಟಕ'ವೆಂದು ಕನ್ನಡಕ್ಕೆ ತಂದರು. ಆದ್ದರಿಂದ ಇಂಗ್ಲಿಷರಿಂದ ಬಂದದ್ದೆಲ್ಲ ವಿಷವೆಂದು ಹೇಳುವ ಉತ್ಸಾಹ ನನಗಿಲ್ಲ.

ಆದರೆ ಈ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ಆ ಪುಟದ ಹೆಸರು ಹಲಗಲಿ.

ಹಲಗಲಿ ನಮ್ಮ ಮುಧೋಳ ತಾಲೂಕಿನದೇ ಊರು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದ ಮೇಲೆ ಸರಕಾರ ಹತ್ಯಾರಗಳ ಕಾಯ್ದೆ ತಂದಿತು. ಯಾರೂ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದು, ಇದ್ದದ್ದನ್ನು ತಂದು ಒಪ್ಪಿಸಬೇಕು. ಪೇಟೆಯ ಸಾವಕಾರನಿಗೆ ಇದು ಒಂದು ಕಾಗದದ ಕೆಲಸ. ಬೇಡರಿಗೆ ಹಾಗಲ್ಲ. ಬೇಟೆ ಅವರ ಕಸುಬು. ಕತ್ತಿ, ಬಂದೂಕು ಅವರಿಗೆ ರೈತನ ಕುಂಟೆ-ಕೂರಿಗೆ ಇದ್ದಂತೆ. ಊರ ಕಾವಲು, ಮದುವೆಯ ಮೆರವಣಿಗೆ, ದೇವರ ಉತ್ಸವ ಎಲ್ಲದರಲ್ಲೂ ಅದು ಮೈಮೇಲೆ ಇರಬೇಕು. ಸಂಸ್ಥಾನದ ಕಾರಭಾರಿ ಹೇಳಿಸಿ ನೋಡಿದ. ಅವರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬವರು ಮುಂದಾಳುಗಳಾದರು. ಸುತ್ತಲಿನ ಊರವರೂ ಬಂದು ಕೂಡಿಕೊಂಡರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ರಾತ್ರೋರಾತ್ರಿ ಬಂದು ಊರನ್ನು ಮುತ್ತಿತು, ಬೆಂಕಿ ಹಚ್ಚಿತು. ನೂರರಷ್ಟು ಜನ ಸತ್ತರು. 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು ಗಲ್ಲಿಗೇರಿಸಿದರು.

ಇದಕ್ಕೆ 82 ವರ್ಷ ಮೊದಲು, 1775ರ ಏಪ್ರಿಲ್ 19ರಂದು, ಅಮೆರಿಕದಲ್ಲಿ ಇಂಥದೇ ಒಂದು ಘಟನೆ ನಡೆದಿತ್ತು. ಬಾಸ್ಟನ್ನಿನಿಂದ ಸುಮಾರು 700 ಇಂಗ್ಲಿಷ್ ಸೈನಿಕರು ಕಾಂಕರ್ಡ್ ಎಂಬ ಊರಿನಲ್ಲಿ ರೈತರು ಕೂಡಿಟ್ಟ ಮದ್ದುಗುಂಡು, ಆಯುಧಗಳನ್ನು ವಶಪಡಿಸಿಕೊಳ್ಳಲು ರಾತ್ರಿಯೇ ಹೊರಟರು. ದಾರಿಯಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಬೆಳಗಿನ ಹೊತ್ತು ಊರವರು ಅಡ್ಡ ನಿಂತರು. 8 ಜನ ಊರವರು ಸತ್ತರು. ಅಂದಿನ ಗುಂಡಿನ ಶಬ್ದದಿಂದ ಒಂದು ರಾಷ್ಟ್ರ ಹುಟ್ಟಿತು. ಕಾರಣ ಒಂದೇ: ಆಯುಧ ಕೊಡಿ, ಕೊಡುವುದಿಲ್ಲ. ಒಂದು ಊರು ಜಗತ್ತಿನ ಇತಿಹಾಸದ ಪುಸ್ತಕ ಸೇರಿತು, ಇನ್ನೊಂದು ಊರು ಬೂದಿಯಾಯಿತು.

ಯಾಕೆ ಹೀಗೆ? ಲೆಕ್ಸಿಂಗ್ಟನ್ನಿನ ರೈತನ ಹಿಂದೆ ಇಂಗ್ಲಿಷರದೇ ನೂರಾರು ವರ್ಷಗಳ ಮಾತಿತ್ತು. 'ನಾವೂ ಇಂಗ್ಲಿಷರು, ಇಂಗ್ಲಿಷರ ಹಕ್ಕು ನಮ್ಮದೂ' ಎಂದು ಅವನು ಹೇಳಬಲ್ಲವನಾಗಿದ್ದ. ದೊರೆಯ ಅಧಿಕಾರಕ್ಕೂ ಮೇರೆಯುಂಟು ಎಂಬ ಮ್ಯಾಗ್ನಾ ಕಾರ್ಟಾದ ಕಾಗದ, ಬ್ಲ್ಯಾಕ್‌ಸ್ಟನ್ನನ ಕಾಯ್ದೆ ಪುಸ್ತಕ ಅಲ್ಲಿಯ ವಕೀಲರ ಕಪಾಟಿನಲ್ಲಿದ್ದವು. ಮನೆ ಮಗ ಅಪ್ಪನ ಮಾತನ್ನೇ ಅಪ್ಪನಿಗೆ ತಿರುಗಿ ಹೇಳಿದ ಹಾಗೆ. ಹಲಗಲಿಯ ಜಡಗನಿಗೆ ಇಂಥ ಕಾಗದ ಯಾವುದಿತ್ತು? ಅವನ ಮಾತು ಇಂಗ್ಲಿಷ್ ಏಜಂಟನಿಗೆ ತಲುಪಬೇಕಾದರೆ ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಇಂಗ್ಲಿಷಿಗೆ ಹೋಗಬೇಕಾಗಿತ್ತು. ಅಷ್ಟರಲ್ಲಿ ಅದು ಹಕ್ಕಿನ ಮಾತಾಗಿ ಉಳಿಯುತ್ತಿರಲಿಲ್ಲ; ದಂಗೆ ಎಂಬ ಒಂದೇ ಶಬ್ದವಾಗುತ್ತಿತ್ತು.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ನ್ಯಾಯವಾಗಲಿಕ್ಕಿಲ್ಲ. ಅದೇ ಅಮೆರಿಕದಲ್ಲಿ, ಅದೇ ವರ್ಜೀನಿಯಾದಲ್ಲಿ, ಕರಿಯ ಗುಲಾಮರು ಆಯುಧ ಹಿಡಿಯಬಾರದೆಂದು 1680ರಲ್ಲಿಯೇ ಕಾಯ್ದೆಯಾಗಿತ್ತು. ನಾಡಿನ ಮೂಲನಿವಾಸಿಗಳ ಬೇಟೆಯ ಅಡವಿಗಳು ಒಂದೊಂದಾಗಿ ಬೇಲಿಯೊಳಗೆ ಸೇರುತ್ತಿದ್ದವು. ಇಂಗ್ಲಿಷರ ಹಕ್ಕುಗಳ ಆ ಸುಂದರವಾದ ಮಾತು ಅವರಿಗೆ ಅನ್ವಯಿಸಲಿಲ್ಲ. ಹಲಗಲಿಯ ಬೇಡರ ನಿಜವಾದ ನೆಂಟರು ಲೆಕ್ಸಿಂಗ್ಟನ್ನಿನ ರೈತರಲ್ಲ. ವರ್ಜೀನಿಯಾದ ತಂಬಾಕಿನ ಹೊಲದಲ್ಲಿ ಬೆನ್ನು ಬಾಗಿಸಿದವರು, ಅಡವಿ ಕಳಕೊಂಡವರು. ಇಂಗ್ಲಿಷ್ ಸಂಸ್ಕೃತಿ ಎಲ್ಲೇ ಹೋಗಲಿ ಎರಡು ಬಾಗಿಲಿನಿಂದ ಒಳಗೆ ಬಂತು. ಮುಂದಿನ ಬಾಗಿಲಿನಿಂದ ಪುಸ್ತಕ, ಪಿಂಗಾಣಿ, ಹಕ್ಕು. ಹಿತ್ತಲ ಬಾಗಿಲಿನಿಂದ ಬೇಡಿ.

ಮತ್ತೆ ಈ ಕಥೆಯಲ್ಲೂ ಒಂದು ವಿಚಿತ್ರವಿದೆ. ಹಲಗಲಿಯ ಬೇಡರ ಲಾವಣಿ ಇವತ್ತು ನಮ್ಮ ಕೈಯಲ್ಲಿದೆ, ಪಠ್ಯದಲ್ಲಿದೆ. ಅದನ್ನು ಜನರ ಬಾಯಿಂದ ಕೇಳಿ ಬರೆಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇಯ್ತ್‌ಫುಲ್ ಫ್ಲೀಟ್, ಇಂಗ್ಲಿಷ್ ಸರಕಾರದ ಅಧಿಕಾರಿ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಅವನೇ ಕೂಡಿಸಿದ. ಕನ್ನಡ ನಾಡಿನ ಶಾಸನಗಳನ್ನು ಓದಿ ರಾಜವಂಶಗಳ ಚರಿತ್ರೆ ಬರೆದವನೂ ಅವನೇ. ಗಲ್ಲಿಗೇರಿಸಿದ ಸರಕಾರದ ಮನುಷ್ಯನೇ ಗಲ್ಲಿಗೇರಿದವರ ಹಾಡನ್ನು ಉಳಿಸಿದ. ನಮ್ಮ ಸಂಸ್ಥಾನದ ದಫ್ತರದ ಪಂಡಿತರಿಗೆ ಆ ಹಾಡು ಬರೆದಿಡಬೇಕೆಂದು ಅನಿಸಲಿಲ್ಲವೆ? ಅನಿಸಲಿಲ್ಲವೆಂದೇ ತೋರುತ್ತದೆ. ಹಾಡು ಬೇಡರದು, ಹಾಡುವವರು ಗೊಂದಲಿಗರಂಥವರು, ಭಾಷೆ ಹಳ್ಳಿಯ ಕನ್ನಡ. ದೊಡ್ಡವರ ಕಿವಿಗೆ ಅದು ಹಾಡಾಗಿ ಕೇಳಲಿಲ್ಲ. ನಾಯಿಗೆ ಆದದ್ದೇ ಹಾಡಿಗೂ ಆಯಿತು ನೋಡಿರಿ. ಹೊರಗಿನವನು ಮೆಚ್ಚಿದ ಮೇಲೆ ಅದು ನಮ್ಮದಾಯಿತು.

ಹಲಗಲಿ ಸುಟ್ಟು ಹೋದ ಮೇಲೆ ಸಂಸ್ಥಾನದ ದಿನಗಳು ಶಾಂತವಾಗಿ ಸಾಗಿದವು. ಮುಧೋಳದ ರಾಜರಿಗೆ ಇಂಗ್ಲಿಷ್ ಸರಕಾರ 9 ತೋಪುಗಳ ಮರ್ಯಾದೆ ಕೊಟ್ಟಿತು. ರಾಜನ ದೊಡ್ಡಸ್ತಿಕೆಯನ್ನು ತೋಪಿನ ಸದ್ದಿನಲ್ಲಿ ಎಣಿಸುವುದು ಅವರ ಪದ್ಧತಿ. ಸುಮಾರು 950 ಚದರ ಕಿಲೋಮೀಟರಿನ ಸಂಸ್ಥಾನ; ಅದರ ರಾಜನಿಗೆ ಒಂಬತ್ತು ತೋಪು, ಅದರ ಬೇಡನಿಗೆ ಒಂದು ನಾಡಬಂದೂಕೂ ಇಲ್ಲ. ಬಂದೂಕು ಹೋದ ಮೇಲೆ ಬೇಡನಿಗೆ ಬೇಟೆಯಲ್ಲಿ ಉಳಿದ ಜೊತೆಗಾರ ನಾಯಿ. ಮುಂದಿನ ತಲೆಮಾರಿನಲ್ಲಿ ಅರಮನೆಯ ಕಣ್ಣು ಬಿದ್ದದ್ದು ಅದರ ಮೇಲೆಯೇ.

ಮಾಲೋಜಿರಾವ ರಾಜರ ಕೆಲಸವನ್ನು ನಾನು ಹಳಿಯುತ್ತಿಲ್ಲ. ಅವರು ಆಸ್ಥೆಯಿಂದ ತಳಿಯನ್ನು ಉಳಿಸಿ ಬೆಳೆಸದಿದ್ದರೆ ಈ ನಾಯಿ ಬೀದಿನಾಯಿಗಳಲ್ಲಿ ಕಲೆತು ಹೋಗುತ್ತಿತ್ತೇನೋ. ಆದರೆ ತಳಿಯ ಶುದ್ಧಿ, ವಂಶಾವಳಿಯ ಪತ್ರ, ಪ್ರದರ್ಶನದ ಪದಕ ಎಂಬ ವಿಚಾರಗಳೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಗಟ್ಟಿಯಾದವು. ಅಲ್ಲಿಯ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಆ ಅಳತೆಗೋಲು ಇಂದಿಗೂ ನಮ್ಮ ಕೈಯಲ್ಲಿದೆ. ನಮ್ಮ ದೇಶದ ಒಂದು ನಾಯಿಸಂಘ ಇದನ್ನು 'ಮುಧೋಳ ಹೌಂಡ್' ಎಂದು ದಾಖಲೆ ಮಾಡಿಕೊಂಡರೆ ಇನ್ನೊಂದು ಸಂಘ 'ಕ್ಯಾರವಾನ್ ಹೌಂಡ್' ಎನ್ನುತ್ತದೆ. ಎರಡರಲ್ಲಿಯೂ 'ಹೌಂಡ್' ಉಳಿದಿದೆ. ಬೇಡನ ಹೆಸರು ಎರಡರಲ್ಲಿಯೂ ಇಲ್ಲ.

1948ರಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. 1997ರಲ್ಲಿ ಬಾಗಲಕೋಟ ಜಿಲ್ಲೆಯಾಯಿತು. ಅಮೆರಿಕದವರು ದೊರೆಯನ್ನು ಬಿಟ್ಟು ಅವನ ಭಾಷೆ, ಕಾಯ್ದೆ, ಬೇಟೆಗಳನ್ನು ಇಟ್ಟುಕೊಂಡರು. ನಾವೂ ಚಾ ಇಟ್ಟುಕೊಂಡೆವು, ಕೋರ್ಟು ಇಟ್ಟುಕೊಂಡೆವು, ಇಂಗ್ಲಿಷ್ ಶಾಲೆಯನ್ನಂತೂ ಅವರಿದ್ದಾಗಿಗಿಂತ ಹೆಚ್ಚು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಯಾವ ಸಂಸ್ಕೃತಿಯೂ ಬೇಲಿ ಹಾಕಿಕೊಂಡು ಬೆಳೆದದ್ದಿಲ್ಲ. ರನ್ನ ಹುಟ್ಟಿದ ಮುಧೋಳದಲ್ಲಿ ಸಂಸ್ಕೃತದ ಭೀಮ ಕನ್ನಡದವನಾಗಲಿಲ್ಲವೆ?

ನನ್ನ ತಕರಾರು ಒಂದೇ. ಬೆಲೆ ಕಟ್ಟುವ ಕಣ್ಣನ್ನು ಮಾತ್ರ ಎರವಲು ತಂದುಕೊಂಡು, ತಿರುಗಿ ಕೊಡದೆ ಉಳಿಸಿಕೊಂಡೆವಲ್ಲ ಎಂಬುದು. ನಮ್ಮೂರಿಗೆ ನಾಯಿ ನೋಡಲು ದೂರದೂರದಿಂದ ಕಾರು ತೆಗೆದುಕೊಂಡು ಜನ ಬರುತ್ತಾರೆ. ಮರಿಯ ತಾಯಿ ಯಾವುದು, ತಂದೆ ಯಾವುದು ಎಂದು ಕೇಳುತ್ತಾರೆ. ಅಜ್ಜ ಯಾವುದು ಎಂದೂ ಕೇಳುತ್ತಾರೆ. ಕೇಳಬೇಕಾದ್ದೇ. ಅದರ ಜೊತೆಗೆ ಇದನ್ನು ಮೊದಲು ಸಾಕಿದವರು ಯಾರು, ಅವರಿಗೆ ಏನಾಯಿತು ಎಂದು ಒಬ್ಬರಾದರೂ ಕೇಳಿದರೆ, ಹಲಗಲಿಗೆ ಹೋಗುವ ದಾರಿಯನ್ನು ತೋರಿಸಲು ನಮ್ಮೂರಲ್ಲಿ ಜನ ಇನ್ನೂ ಇದ್ದಾರೆ.